ಆಯ್ತು ಅಂದರೆ ಆಯ್ತಾ?

ಕಂಪ್ರೆಸರ್ ನಿಂತುಹೋಗಬಹುದು. ಅದು ನಿಂತಾಗ ಚಾಲೂ ಆಗಬೇಕಾದ ಎರಡನೆಯ ಕಂಪ್ರೆಸರ್ ಕೂಡ ಒಗ್ಗಟ್ಟು ತೋರಿಸಬಹುದು. ಕರೆಂಟು ಹೋಗಬಹುದು, ಜನರೇಟರ್‌ಗೆ ಡೀಸೆಲ್ ಹಾಕಿಸಿದ್ದಾರೆ ಎಂದು ಎಲ್ಲರೂ ಅಂದುಕೊಂಡು ಯಾರೂ ಹಾಕಿಸದೆ ಇರಬಹುದು. ಹೊಸ ಸಾಫ್ಟ್‌ವೇರ್ ಸೆಲ್ಸಿಯಸ್ ಬಿಟ್ಟು ಫ್ಯಾರನ್‌ಹೀಟ್‌ನಲ್ಲಿ ಯೋಚಿಸಲು ಶುರುಮಾಡಬಹುದು. ಗೋಡೆ ಗಡಿಯಾರಕ್ಕೂ ಕಂಪ್ಯೂಟರಿನ ಗಡಿಯಾರಕ್ಕೂ ಒಂದು ಗಂಟೆಯ ಮನಸ್ತಾಪ ಇರಬಹುದು. ಟರ್ನ್‌ಪೈಕ್ ಹೆದ್ದಾರಿಯ 8ಎ ಎಕ್ಸಿಟ್‌ನಲ್ಲಿ ಟ್ರಕ್ಕೊಂದು ಅಡ್ಡ ಮಲಗಿ, ಪರೀಕ್ಷಕಿ ಎರಡು ಗಂಟೆ ತಡವಾಗಿ ಸಿಟ್ಟಿನಲ್ಲಿ ಬರಬಹುದು. ಸಿಟ್ಟಿಲ್ಲದೆ ನಗುತ್ತಲೂ ಬರಬಹುದು, ಅದು ಇನ್ನೂ ಭಯ. ಚಳಿಗೆ ಪೆನ್ನಿನ ಶಾಯಿ ಗಟ್ಟಿಯಾಗಬಹುದು. ಪೆನ್ಸಿಲ್ ಮುಟ್ಟುವಂತಿಲ್ಲ, ಅಳಿಸಬಹುದಾದ ಬರಹಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ನನ್ನ ಕಾರು ಸ್ಟಾರ್ಟ್ ಆಗದಿರಬಹುದು. ಸ್ಟಾರ್ಟ್ ಆಗಿ, ಶನಿವಾರದ ಅಭ್ಯಾಸಬಲದಿಂದ ನಾನು ಕ್ರ್ಯಾನ್‌ಬರಿಯ ಗೋದಾಮಿನ ಬದಲು ತರಕಾರಿ ಅಂಗಡಿಗೆ ಹೋಗಿಬಿಡಬಹುದು.

ಆ ಶನಿವಾರ ಬೆಳಿಗ್ಗೆ ರಾಬಿನ್ಸ್‌ವಿಲ್‌ನ ಮನೆಯಲ್ಲಿ ಹಾಸಿಗೆ ಮೇಲೇ ಕೂತು ಮಾಡಿದ ಪಟ್ಟಿ ಇದು. ಒಟ್ಟು ನಲವತ್ತೊಂದು ಇದ್ದವು. ಚಿಂತೆ ಮಾಡುವುದಕ್ಕೆ ನನಗೆ ಕಾರಣ ಬೇಕಿಲ್ಲ, ಸಿಕ್ಕರೆ ಬೇಡ ಅನ್ನುವುದಿಲ್ಲ. ನಲವತ್ತೊಂದರಲ್ಲಿ ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲೇ ಇರಲಿಲ್ಲ. ಅದನ್ನು ಹೇಳುವುದಕ್ಕೆ ಮೂರು ವಾರ ಹಿಂದಕ್ಕೆ ಹೋಗಬೇಕು.

ನಾನು ಕೆಲಸ ಮಾಡುವುದು ಔಷಧಿಗಳ ಗೋದಾಮಿನಲ್ಲಿ. ಕೆಲವು ಔಷಧಿಗಳು ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು, ಹೊರಗೆ ಬಂದರೆ ಕಸ. ನಾನು ಔಷಧಿಯನ್ನು ಮುಟ್ಟುವುದಿಲ್ಲ. ಅದು ಸರಿಯಾದ ಚಳಿಯಲ್ಲಿತ್ತು ಎಂದು ಕಾಗದದ ಮೇಲೆ ಸಾಬೀತು ಮಾಡುತ್ತೇನೆ. ಹೊಸದೊಂದು ಕೋಲ್ಡ್ ರೂಮ್ ಕಟ್ಟಿದ್ದರು. ದೊಡ್ಡ ಕಂಪನಿಯೊಂದು ತನ್ನ ಚುಚ್ಚುಮದ್ದುಗಳನ್ನು ಅದರಲ್ಲಿ ಇಡಲು ಒಪ್ಪಿತ್ತು, ಪರೀಕ್ಷೆಯಲ್ಲಿ ಪಾಸಾದರೆ. ಪಾಸು ಮಾಡಿಸುವ ಕೆಲಸ ಇಬ್ಬರದು: ನಾನು, ಮತ್ತು ಕಂಪ್ರೆಸರ್, ಸೆನ್ಸರ್, ಅಲಾರಂಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಅವರು ಧಾರವಾಡದವರು, ನನ್ನದೇ ವಯಸ್ಸು. ಮೊದಲು ಈ ಕೆಲಸಕ್ಕೆ ಐದು ಜನ ಇದ್ದೆವು. ವಸಂತದಲ್ಲಿ ಒಂದು ಬುಧವಾರ ಹತ್ತು ನಿಮಿಷದ ಮೀಟಿಂಗ್‌ನಲ್ಲಿ ಮೂವರು ಹೋದರು. ಉಳಿದವರಿಗೆ ಹೋದವರ ಕೆಲಸ ಬಂತು.

ಅವತ್ತಿನಿಂದ ನನಗೆ ಒಳಗೆ ಎಲ್ಲೋ ಮರಗಟ್ಟಿದಂತೆ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದಾಗ ಪಾದ ಇದ್ದೂ ಇಲ್ಲದಂತಿರುತ್ತದಲ್ಲ, ಹಾಗೆ. ಅದಕ್ಕೆ ನಾನು ಕಂಡುಕೊಂಡ ಮದ್ದು ವೇಗ. ಎರಡು ಸ್ಕ್ರೀನ್, ಒಂದು ಕಿವಿಯಲ್ಲಿ ಮೀಟಿಂಗ್, ಫೋನಿನಲ್ಲಿ ಮಾಡಬೇಕಾದ್ದರ ಆ್ಯಪ್. ಕೆಲಸವೊಂದನ್ನು ಮುಗಿಸಿ ಟಿಕ್ ಹಾಕಿದರೆ ಅದು ಹಸಿರಾಗಿ ‘ಟಿಂಗ್’ ಅನ್ನುತ್ತಿತ್ತು. ಕೋಲ್ಡ್ ರೂಮಿನ ಲೆಕ್ಕಕ್ಕೆ ಇನ್ನೂರ ಹದಿನಾಲ್ಕು ಕೆಲಸಗಳಿದ್ದವು. ಬಾಸ್ಕಿಂಗ್ ರಿಡ್ಜ್‌ನ ಕಚೇರಿಯಲ್ಲಿ ಕೂರುವ ನಮ್ಮ ಡೈರೆಕ್ಟರ್ ದಿನಾ ಬೆಳಿಗ್ಗೆ ಹಸಿರೆಷ್ಟು ಕೆಂಪೆಷ್ಟು ಎಂದು ನೋಡುತ್ತಿದ್ದರು. ನನ್ನದು ಸದಾ ಹಸಿರು. ಊರಿನಲ್ಲಿ ಗದ್ದೆ ಮಾಡಿದ್ದರೂ ಅಷ್ಟು ಹಸಿರು ಬೆಳೆಯುತ್ತಿರಲಿಲ್ಲ.

ಮೊದಲ ಪರೀಕ್ಷೆ ಒಂದು ಗುರುವಾರ ಮಧ್ಯಾಹ್ನ. ಔಷಧಿಯ ಬದಲು ನೀರಿನ ಬಾಟಲಿಗಳ ಡಬ್ಬಗಳನ್ನು ಜೋಡಿಸಿದ್ದೆವು. ಕ್ರಮ ಸರಳ. ಎರಡು ಗಂಟೆಗೆ ಬೇಕೆಂದೇ ಬಾಗಿಲು ತೆರೆದಿಡುವುದು. ಒಳಗಿನ ಉಷ್ಣತೆ ಏರಿದಾಗ ಯಂತ್ರ ತಾನಾಗಿ ಪಟ್ಟಿಯ ಮೊದಲ ವ್ಯಕ್ತಿಗೆ ಫೋನ್ ಮಾಡುತ್ತದೆ, ಅವರು ಒಪ್ಪಿಕೊಳ್ಳದಿದ್ದರೆ ಮುಂದಿನವರಿಗೆ. ಫೋನ್ ಬಂದವರಲ್ಲಿ ಒಬ್ಬರು ‘ಒಂದು’ ಅಂಕಿ ಒತ್ತಿ ‘ತಿಳಿಯಿತು’ ಎಂದು ಒಪ್ಪಿಕೊಳ್ಳಬೇಕು, ಹತ್ತು ನಿಮಿಷದಲ್ಲಿ ಬಾಗಿಲು ಮುಚ್ಚಬೇಕು. ಅಷ್ಟೇ. ಕಂಪನಿ ಕಳಿಸಿದ ಪರೀಕ್ಷಕಿ ಗಡಿಯಾರ ಹಿಡಿದು ನಿಂತಿದ್ದರು.

ಬಾಗಿಲು ತೆರೆದೆವು. ಆರು ಡಿಗ್ರಿ, ಏಳು, ಎಂಟು. ಯಾರ ಫೋನೂ ಹೊಡೆದುಕೊಳ್ಳಲಿಲ್ಲ. ಧಾರವಾಡದವರು ಜೇಬಿನಿಂದ ಫೋನ್ ತೆಗೆದು, ಅಲುಗಾಡಿಸಿ, ಮತ್ತೆ ನೋಡಿದರು. ಒಂಬತ್ತು. ಸ್ಕ್ರೀನಿನ ಮೇಲೆ ‘ಕರೆ ಸ್ವೀಕರಿಸಲಾಗಿದೆ’ ಎಂದು ಬಂತು.

“ಯಾರ್ ತಗೊಂಡ್ರು?” ಎಂದೆ.

“ನನಗ ಬಂದಿಲ್ರಿ ಮೇಡಂ.”

ಫೋನ್ ಬಾರದೆ ನಾವಾಗಿ ಬಾಗಿಲು ಮುಟ್ಟುವಂತಿಲ್ಲ, ಪರೀಕ್ಷೆಯ ನಿಯಮ ಅದು. ತೆರೆದ ಬಾಗಿಲ ಮುಂದೆ ಮೂರು ಜನ ಕೈ ಕಟ್ಟಿ ನಿಂತು ನೀರು ಬಿಸಿಯಾಗುವುದನ್ನು ನೋಡಿದೆವು. ಹನ್ನೊಂದು ಡಿಗ್ರಿಗೆ ಪರೀಕ್ಷಕಿ ಗಡಿಯಾರ ನಿಲ್ಲಿಸಿದರು. ಅಷ್ಟರಲ್ಲಿ ನನ್ನ ಫೋನಿಗೆ ಮೆಸೇಜ್ ಬಂತು. ವಸಂತದಲ್ಲಿ ಕೆಲಸ ಕಳೆದುಕೊಂಡ ಮೂವರಲ್ಲಿ ಒಬ್ಬನದು, ಹಳೆಯ ಪಾಳಿಯ ಮೇಲ್ವಿಚಾರಕ. ಇಂಗ್ಲಿಷಿನಲ್ಲಿತ್ತು: “ನಿಮ್ಮ ಫ್ರಿಜ್ ನನಗೆ ಫೋನ್ ಮಾಡಿತ್ತು. ನಿದ್ದೆಗಣ್ಣಲ್ಲಿ ಒಂದು ಒತ್ತಿಬಿಟ್ಟೆ, ಆರು ವರ್ಷದ ಅಭ್ಯಾಸ. ಅಲ್ಲಿ ನನ್ನನ್ನು ಇನ್ನೂ ನೆನಪಿಟ್ಟುಕೊಂಡಿರುವುದು ಅದೊಂದೇ.”

ಹೊಸ ಯಂತ್ರಕ್ಕೆ ಹಳೆಯ ಪಟ್ಟಿಯನ್ನೇ ತುಂಬಿದ್ದರು. ನಂಬರ್ ಬದಲಾಯಿಸುವುದು ನೂರ ಎಂಟನೆಯ ಕೆಲಸ. ನನ್ನ ಆ್ಯಪಿನಲ್ಲಿ ಅದು ಹದಿನಾರು ದಿನಗಳಿಂದ ಹಸಿರಾಗಿತ್ತು.

ಸಂಜೆ ಡೈರೆಕ್ಟರ್ ಫೋನ್ ಮಾಡಿದರು. ಕೂಗಾಡುವ ಮನುಷ್ಯರಲ್ಲ. ಇನ್ನೊಂದೇ ಅವಕಾಶ ಸಿಕ್ಕಿದೆ, ಮೂರು ವಾರ ಬಿಟ್ಟು ಶನಿವಾರ. ಅದೂ ಕೆಟ್ಟರೆ ಕಂಪನಿ ಬೇರೆ ಗೋದಾಮು ನೋಡಿಕೊಳ್ಳುತ್ತದೆ ಎಂದರು. ಆಮೇಲೆ, “ಸೋಮವಾರಕ್ಕೆ ಕಾರಣದ ವರದಿ ಬೇಕು. ಮನುಷ್ಯನ ತಪ್ಪು ಅಂತ ಬರಿ, ಪರವಾಗಿಲ್ಲ. ಆದರೆ ಯಾವ ಮನುಷ್ಯ ಅಂತ ಬರಿ. ಆ ಇಂಜಿನಿಯರ್ ಕಾಂಟ್ರಾಕ್ಟ್ ತಿಂಗಳ ಕೊನೆಗೆ ರಿನ್ಯೂ ಆಗಬೇಕು ಅಲ್ವಾ? ನಿನ್ನ ವರದಿ ನೋಡಿ ತೀರ್ಮಾನ ಮಾಡ್ತೀನಿ,” ಎಂದರು.

ಇದನ್ನು ಊರು ಬಿಟ್ಟು ಈ ದೇಶಕ್ಕೆ ಬಂದ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಧಾರವಾಡದವರು ವೀಸಾದ ಮೇಲೆ ಇದ್ದವರು. ಕೆಲಸ ಹೋದರೆ ಅರವತ್ತು ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗಬೇಕು, ಇಲ್ಲವಾದರೆ ಹೈಸ್ಕೂಲಿನ ಮಗಳನ್ನು ಅರ್ಧ ವರ್ಷದಲ್ಲಿ ಎಬ್ಬಿಸಿಕೊಂಡು ಹೊರಡಬೇಕು.

ಅಂದೇ ಕೂತು ಒಂದು ವಾಕ್ಯ ಬರೆದೆ: ‘ಸಂಬಂಧಪಟ್ಟ ಇಂಜಿನಿಯರ್ ಕೆಲಸ ಮುಗಿಸದೆ ಮುಗಿದಿದೆ ಎಂದು ತಿಳಿಸಿದರು.’ ನನ್ನ ಪ್ರಕಾರ ಅದು ನಿಜವೇ ಆಗಿತ್ತು. ಬರೆಯುವಾಗ ಒಳಗೆ ಏನೂ ಆಗಲಿಲ್ಲ.

ಮರುದಿನ ಊಟದ ಕೋಣೆಯಲ್ಲಿ ಅವರ ಎದುರು ಡಬ್ಬಿ ಬಿಚ್ಚಿದೆ.

“ಅಲಾರಂ ಲಿಸ್ಟ್ ಬಗ್ಗೆ ನಾನು ಕೇಳ್ದಾಗ ನೀವು ಆಯ್ತು ಅಂದ್ರಿ.”

“ಅಂದೆರಿ. ಆತ್ರಿ ಅಂದೆ. ಮಾಡ್ತೀನಿ ಅಂತ.”

“ಅಯ್ಯೋ, ನಾನು ಕೇಳಿದ್ದು ಆಗಿದ್ಯಾ ಅಂತ.”

“ನೀವು ಕೇಳ್ಲಿಲ್ರಿ ಮೇಡಂ.” ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “‘ಅಲಾರಂ ಲಿಸ್ಟ್’ ಅಂದ್ರಿ, ಎರಡಽ ಶಬ್ದ. ಕಿವ್ಯಾಗ ಮೀಟಿಂಗ್ ಇತ್ತು. ನನ್ನ ಮಾರಿ ಸುದ್ದಾ ನೋಡ್ಲಿಲ್ಲ. ನಾ ಅನ್ಕೊಂಡೆ, ಮಾಡು ಅಂತ ಹುಕುಂ ಆತು ಅಂತ.”

“ಸರಿ, ಮತ್ತೆ ಯಾಕೆ ಮಾಡ್ಲಿಲ್ಲ?”

“ಸಹಿ ಬೇಕಲ್ರಿ. ನಂಬರ್ ಚೇಂಜ್ ಮಾಡಾಕ ಫಾರ್ಮ್ ಮ್ಯಾಲ ಕ್ವಾಲಿಟಿಯವರ ಸಹಿ ಬೇಕು. ಅವತ್ತಽ ಕಳ್ಸೀನಿ.”

“ಯಾರಿಗೆ?”

“ನಿಮಗಽ.”

ಫೋನಿನಲ್ಲೇ ಹುಡುಕಿದೆ. ಇತ್ತು. ಹದಿನಾರು ದಿನ ಹಳೆಯದು, ತೆರೆಯದ್ದು.

“ಒಂದ್ಸಲ ನೆನಪು ಮಾಡ್ಬಾರ್ದಿತ್ತಾ?”

“ಎರಡ್ ಸಲ ನಿಮ್ಮ ಟೇಬಲ್ ಕಡೆ ಬಂದಿದ್ದೆರಿ. ಒಂದು ಬೆರಳು ಎತ್ತಿ ತೋರ್ಸಿದ್ರಿ, ಒಂದು ನಿಮಿಷ ಅಂತ.” ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಆ ನಿಮಿಷ ಇನ್ನೂ ಮುಗದಿಲ್ರಿ.”

ನನ್ನ ಮೈಸೂರಿನ ‘ಆಯ್ತು’, ಅವರ ಧಾರವಾಡದ ‘ಆತ್ರಿ’, ಎರಡರದ್ದೂ ಒಂದೇ ಬುದ್ಧಿ. ಮುಗಿದದ್ದಕ್ಕೂ ಆಯ್ತು, ಇನ್ನು ಶುರುಮಾಡಬೇಕಾದ್ದಕ್ಕೂ ಆಯ್ತು, ಮಾಡುವುದಿಲ್ಲ ಎಂದು ಹೇಳಲು ಸಂಕೋಚವಾದಾಗಲೂ ಆಯ್ತು. ಎದುರಿನವರ ಮುಖ ನೋಡಿದರೆ ಯಾವ ಆಯ್ತು ಎಂದು ಗೊತ್ತಾಗುತ್ತದೆ. ನಾನು ಮುಖ ನೋಡಿರಲಿಲ್ಲ, ಸ್ಕ್ರೀನ್ ನೋಡಿ ಟಿಕ್ ಹಾಕಿದ್ದೆ. ಟಿಂಗ್.

ಇಂಥ ಜಾಗದಲ್ಲಿ ಅಳು ಬಂತು ಎಂದೋ ಎದೆ ಹಿಂಡಿತು ಎಂದೋ ಬರೆಯಬೇಕು. ಬರಲಿಲ್ಲ, ಹಿಂಡಲಿಲ್ಲ. ಡಬ್ಬಿಯ ಚಿತ್ರಾನ್ನ ತಿಂದು ಮುಗಿಸಿದೆ. ಆಮೇಲೆ ಹೋಗಿ ಆ ವಾಕ್ಯ ಅಳಿಸಿ ಇನ್ನೊಂದು ಬರೆದೆ: ‘ಕ್ವಾಲಿಟಿ ವಿಭಾಗದ ಮುಖ್ಯಸ್ಥೆ ಕೆಲಸವನ್ನು ಕಣ್ಣಾರೆ ನೋಡದೆ ಮುಗಿದಿದೆ ಎಂದು ಗುರುತು ಹಾಕಿದರು, ಸಹಿಗೆ ಬಂದ ಫಾರ್ಮನ್ನು ತೆರೆಯಲಿಲ್ಲ.’ ಮುಖ್ಯಸ್ಥೆ ಎಂದರೆ ನಾನೇ. ವಿಭಾಗ ಎಂದರೂ ನಾನೇ.

ವರದಿಯಲ್ಲಿ ಇನ್ನೊಂದು ಖಾನೆ ಇರುತ್ತದೆ, ಮತ್ತೆ ಹೀಗಾಗದಂತೆ ಏನು ಮಾಡುತ್ತೀರಿ ಎಂದು. ಅಲ್ಲಿ ಎಲ್ಲರೂ ಬರೆಯುವುದು ‘ಸಿಬ್ಬಂದಿಗೆ ಮರುತರಬೇತಿ’. ನಾನು ಹೀಗೆ ಬರೆದೆ: ಒಂದು ಹೊತ್ತಿಗೆ ಒಂದೇ ಕೆಲಸ. ಆ್ಯಪ್ ಇಲ್ಲ, ಒಂದು ಕೆಲಸಕ್ಕೆ ಒಂದು ಹಾಳೆ. ಫೋನುಗಳು ಲಾಕರಿನಲ್ಲಿ. ಇಬ್ಬರೂ ಆ ವಸ್ತುವಿನ ಎದುರು ಹೋಗಿ ನಿಲ್ಲುವುದು. ಒಬ್ಬರು ಓದುವುದು, ಒಬ್ಬರು ಮಾಡುವುದು, ಇಬ್ಬರೂ ನೋಡುವುದು. ಸಹಿಯಾಗದೆ ಮುಂದಿನ ಹಾಳೆ ಮುಟ್ಟುವಂತಿಲ್ಲ.

ಡೈರೆಕ್ಟರ್ ಓದಿ ವಿಡಿಯೋ ಕಾಲ್ ಮಾಡಿದರು. “ಇದರ ಕೆಳಗೆ ನಿನ್ನ ಸಹಿ ಇರುತ್ತೆ, ಗೊತ್ತಲ್ಲ?”

“ಗೊತ್ತು.”

“ಇಬ್ಬರು ಸೇರಿ ಒಂದು ಟಿಕ್. ಅಂದರೆ ಕೆಲಸ ಕಡಿಮೆ ಮಾಡ್ತೀವಿ ಅಂತ ಬರೆದುಕೊಡ್ತಿದೀಯ.”

“ಹೌದು.”

ಧೈರ್ಯ ಅಲ್ಲ ಅದು. ಧೈರ್ಯಕ್ಕೆ ಬೇಕಾದ ಭಯವೂ ಅವತ್ತು ಹತ್ತಿರ ಇರಲಿಲ್ಲ. ಅವರು ನಿಟ್ಟುಸಿರು ಬಿಟ್ಟು ಒಪ್ಪಿದರು. ಇಂಜಿನಿಯರ್ ವಿಷಯ ಎರಡನೆಯ ಪರೀಕ್ಷೆ ಮುಗಿದ ಮೇಲೆ ನೋಡುತ್ತೇನೆ ಎಂದರು. ಬೇಡ ಎಂದೂ ಅನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಪರೀಕ್ಷೆ ಕೆಟ್ಟರೆ ಯಾರ ವರದಿಯೂ ಧಾರವಾಡದವರನ್ನು ಉಳಿಸುವುದಿಲ್ಲ ಎಂದು ಮಾತ್ರ ತಿಳಿಯಿತು.

ಮೊದಲ ದಿನ ನಾಲ್ಕು ಹಾಳೆ ಮುಗಿದವು. ಎರಡನೆಯ ದಿನ ಮೂರು. ಈ ಲೆಕ್ಕದಲ್ಲಿ ಮಾರ್ಚ್ ಬರುತ್ತದೆ ಎಂದು ಡೈರೆಕ್ಟರ್ ಇಮೇಲ್ ಮಾಡಿದರು. ಧಾರವಾಡದವರು ಜೇಬು ತಡಕುತ್ತಲೇ ಇದ್ದರು, ಇಲ್ಲದ ಫೋನಿಗೆ. ನಾನು ಮಾತು ಮಾತಿಗೆ ಕಿವಿ ಮುಟ್ಟಿಕೊಳ್ಳುತ್ತಿದ್ದೆ, ಇಲ್ಲದ ಮೀಟಿಂಗಿಗೆ.

ನಿಧಾನಕ್ಕೆ ಇಳಿದರೆ ಮನಸ್ಸು ತಿಳಿಯಾಗುತ್ತದೆ ಎಂದು ಕೇಳಿದ್ದೆ. ಕೋಲ್ಡ್ ರೂಮಿನಲ್ಲಿ ದಪ್ಪ ಜಾಕೆಟ್ ಹಾಕಿ ಒಂದು ಸೆನ್ಸರ್ ಎದುರು ಹತ್ತು ನಿಮಿಷ ನಿಂತರೆ ತಿಳಿಯಾಗುವುದು ಏನೂ ಇಲ್ಲ, ಕಾಲ್ಬೆರಳು ಮರಗಟ್ಟುತ್ತದೆ. ಒಳಗೂ ಹೊರಗೂ ಒಂದೇ ಹವೆ. ಆದರೆ ಹತ್ತು ನಿಮಿಷ ನಿಂತದ್ದರಿಂದಲೇ ಮೂರನೆಯ ದಿನ ಒಂದು ಕಂಡಿತು. ಪ್ರತಿ ಸೆನ್ಸರಿಗೂ ದಾರದಲ್ಲಿ ಒಂದು ನಂಬರಿನ ಬಿಲ್ಲೆ ನೇತಾಡುತ್ತಿರುತ್ತದೆ. ಕೆಳಗಿನ ಮೂಲೆಯ ಆರನೆಯ ಸೆನ್ಸರನ್ನು ನಾವು ಒಂಬತ್ತು ಎಂದೂ, ಬಾಗಿಲ ಬಳಿಯ ಒಂಬತ್ತನ್ನು ಆರು ಎಂದೂ ಎರಡು ತಿಂಗಳಿಂದ ಓದುತ್ತಿದ್ದೆವು. ಬಿಲ್ಲೆಗಳನ್ನು ಯಾರೋ ತಲೆಕೆಳಗಾಗಿ ಕಟ್ಟಿದ್ದರು.

“ಇದಽ ರೀತಿ ಶನಿವಾರ ಹೋಗಿದ್ರ,” ಎಂದರು ಧಾರವಾಡದವರು, “ಬಾಗಲದಾಗ ಬಿಸಿ ಆದ್ರ ನಾ ಮೂಲ್ಯಾಗ ಹುಡುಕ್ತಿದ್ದೆರಿ.”

ಆ್ಯಪಿನಲ್ಲಿ ಎರಡಕ್ಕೂ ಹಸಿರು ಟಿಕ್ ಇತ್ತು. ನಾನೇ ಹಾಕಿದ್ದು.

ಇನ್ನೊಂದು ತೊಂದರೆ ಮಾತಿನದು. ‘ಆಯ್ತು’ ಎನ್ನುವ ಪದವನ್ನು ಇಬ್ಬರೂ ಬಿಡಬೇಕು ಎಂದು ತೀರ್ಮಾನಿಸಿದೆವು. ತಪ್ಪಿ ಅಂದವರು ಮರುದಿನ ಇಬ್ಬರಿಗೂ ತಿಂಡಿ ತರಬೇಕು. ಬದಲಿಗೆ ಏನನ್ನುವುದು? ‘ಮಾಡ್ತೀನಿ’, ‘ಮಾಡಿದೀನಿ’ ಎಂದು ಇಟ್ಟುಕೊಂಡೆವು. ಅರ್ಧ ದಿನದಲ್ಲೇ ಅದು ಕೆಟ್ಟಿತು. ಧಾರವಾಡದಲ್ಲಿ ಮುಗಿದದ್ದಕ್ಕೆ ‘ಮಾಡೀನಿ’ ಅನ್ನುತ್ತಾರೆ. ‘ಮಾಡ್ತೀನಿ’ಗೂ ‘ಮಾಡೀನಿ’ಗೂ ನಡುವೆ ಇರುವುದು ಒಂದು ‘ತ’. ಆ ‘ತ’ವನ್ನು ಕೋಲ್ಡ್ ರೂಮಿನ ಫ್ಯಾನು ನುಂಗಿಹಾಕುತ್ತಿತ್ತು.

“ಏನಂದ್ರಿ? ಮಾಡ್ತೀರೋ, ಮಾಡಿದೀರೋ?”

“ಮಾಡೀನ್ರೀ!”

“ಅದೇ, ಯಾವುದು?”

“ಏ ಮೇಡಂ, ಬಂದು ನೋಡ್ರಲಾ!”

ಆ ಮಾತಿನಿಂದಲೇ ದಾರಿ ಸಿಕ್ಕಿತು. ಆಯಿತೋ ಇಲ್ಲವೋ ಎಂದು ಹೇಳುವುದೇ ಬೇಡ. ಎದುರಿಗೆ ಏನು ಕಾಣುತ್ತಿದೆ ಅಷ್ಟನ್ನೇ ಹೇಳುವುದು. “ಆರನೇ ಸೆನ್ಸರ್, ಕೆಳಗಿನ ಮೂಲಿ, ಐದು ಪಾಯಿಂಟ್ ಎರಡು, ಬಿಲ್ಲಿ ಸೀದಾ ಐತಿ.” ಅಷ್ಟು. ಕಂಡದ್ದನ್ನು ಹೇಳಲು ನೋಡಲೇಬೇಕು, ನೋಡಲು ಅಲ್ಲಿ ಇರಲೇಬೇಕು. ನಾನು ಇಷ್ಟು ವರ್ಷ ಓದಿದ ಕೆಲಸದ ಶಿಸ್ತಿನ ಪಾಠಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ, ಇದನ್ನು ಯಾರೂ ಕಲಿಸಿರಲಿಲ್ಲ.

ಮೊದಲ ವಾರದ ಕೊನೆಗೆ ಉಳಿದ ಪಟ್ಟಿಯನ್ನೂ ಹೀಗೇ, ಒಂದೊಂದಾಗಿ ಗಟ್ಟಿಯಾಗಿ ಓದಿದೆವು. ಇನ್ನೂರ ಹದಿನಾಲ್ಕರಲ್ಲಿ ಬಹುಪಾಲು ಕೆಲಸಗಳೇ ಅಲ್ಲ. ‘ನೆನಪಿಸುವುದು’, ‘ನೆನಪಿಸಿದ್ದನ್ನು ಮತ್ತೆ ವಿಚಾರಿಸುವುದು’, ‘ಅದರ ಬಗ್ಗೆ ಮೀಟಿಂಗ್ ಇಡುವುದು’. ವಸಂತದಲ್ಲಿ ಹೋದವರ ಹೆಸರಿನ ಕೆಲಸಗಳು, ಅವುಗಳನ್ನು ನಾನು ಒಂದೊಂದಾಗಿ ಹಸಿರು ಮಾಡಿ ದಿನ ತುಂಬಿಸಿದ್ದೆ. ನಿಜವಾಗಿ ಕೈಯಿಂದ ಮಾಡಬೇಕಾದ್ದು ಅರವತ್ತೊಂದು. ಡೈರೆಕ್ಟರ್‌ಗೆ ಅದನ್ನೇ ಕಳಿಸಿದೆ. ಅವರ ಉತ್ತರ ಒಂದೇ ಅಕ್ಷರ, ಇಂಗ್ಲಿಷಿನ ‘ಕೆ’, ‘ಓಕೆ’ಯ ಅರ್ಧ.

ಪರೀಕ್ಷೆಯ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಅರವತ್ತೊಂದನೆಯ ಹಾಳೆಗೆ ಸಹಿ ಹಾಕಿದೆವು. ಅಲಾರಂ ಪಟ್ಟಿ: ಮೊದಲು ಧಾರವಾಡದವರು, ಆಮೇಲೆ ಡೈರೆಕ್ಟರ್, ಮೂರನೆಯವಳು ನಾನು. ಮೂರೂ ನಂಬರುಗಳನ್ನು ಅವರು ಒಂದೊಂದೇ ಅಂಕಿಯಾಗಿ ಓದಿದರು, ನಾನು ಬೆರಳಿಟ್ಟು ನೋಡಿದೆ. ಆ ದಿನದವರೆಗೆ ನಾನು ನಾಲ್ಕು ಸಲ ಉಪ್ಪಿಟ್ಟು ತಂದಿದ್ದೆ, ಅವರು ಒಂಬತ್ತು ಸಲ ಚುರಮರಿ. ಕೊನೆಯ ವಾರ ‘ಆ’ ಎಂದು ಬಾಯಿ ತೆರೆದು, ಉಳಿದದ್ದನ್ನು ನುಂಗಿಕೊಳ್ಳುವುದನ್ನು ಅವರು ಚೆನ್ನಾಗಿ ಕಲಿತಿದ್ದರು.

ಹೊರಡುವಾಗ ಪಾರ್ಕಿಂಗ್ ಲಾಟಿನಲ್ಲಿ ಒಂದು ಕ್ಷಣ ನಿಂತರು. “ಮಗಳು ಕೇಳಾಕತ್ತಾಳ್ರಿ, ಮುಂದಿನ ವರ್ಷದ್ದು ಸಬ್ಜೆಕ್ಟ್ ಇಲ್ಲಿ ಸ್ಕೂಲ್‌ದಾಗ ಹಾಕ್ಲ್ಯಾ ಬ್ಯಾಡಾ ಅಂತ. ಏನ್ ಹೇಳ್ಲಿ?”

ನಲವತ್ತೊಂದು ಭಯಗಳ ಒಡತಿ ನಾನು. ಆದರೂ “ಹಾಕು ಅನ್ನಿ,” ಎಂದೆ. ಹೇಗೆ ಅಂದೆನೋ ಗೊತ್ತಿಲ್ಲ.

ಶನಿವಾರ ಕಾರು ಸ್ಟಾರ್ಟ್ ಆಯಿತು. ಟರ್ನ್‌ಪೈಕ್ ಖಾಲಿಯಿತ್ತು. ಪರೀಕ್ಷಕಿ ಹತ್ತು ನಿಮಿಷ ಮೊದಲೇ ಬಂದರು, ನಗಲೂ ಇಲ್ಲ, ಮುನಿಯಲೂ ಇಲ್ಲ. ಪೆನ್ನು ಬರೆಯಿತು. ಕಟ್ಟಡದಲ್ಲಿ ಲಾಕರಿನ ಹೊರಗಿದ್ದದ್ದು ಒಂದೇ ಮೊಬೈಲು, ಧಾರವಾಡದವರದು. ಹನ್ನೊಂದಕ್ಕೆ ಬಾಗಿಲು ತೆರೆದೆವು. ಅವರು ಇಪ್ಪತ್ತು ಹೆಜ್ಜೆ ದೂರ ಹೋಗಿ ನಿಂತರು. ಆರು, ಏಳು. ಏಳೂವರೆ ಡಿಗ್ರಿಗೆ ಯಂತ್ರ ಫೋನ್ ಮಾಡಬೇಕು.

ಫೋನು ಹೊಡೆದುಕೊಂಡಿತು.

ಅವರು ಕೈಗವಸು ತೆಗೆದು, ಫೋನು ಕಿವಿಗಿಟ್ಟು, ಕಣ್ಣು ಅರೆ ಮುಚ್ಚಿ ಕೇಳಿಸಿಕೊಂಡರು. ಯಂತ್ರದ ಹೆಂಗಸಿನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ. ಆಮೇಲೆ ಏನೋ ಅಂದು, ಫೋನು ಜೇಬಿಗಿಟ್ಟು, ಓಡದೆ, ಬಾಗಿಲ ತನಕ ನಡೆದು ಬಂದು ಮುಚ್ಚಿ, ಸ್ಕ್ರೀನ್ ಎದುರು ನಿಂತು ಗಟ್ಟಿಯಾಗಿ ಹೇಳಿದರು: “ಬಾಗಲಾ ಮುಚ್ಚೇತಿ. ಒಂಬತ್ತನೇ ಸೆನ್ಸರ್, ಏಳು ಪಾಯಿಂಟ್ ಎಂಟು. ಏಳು ಪಾಯಿಂಟ್ ಏಳು. ಇಳೀಲಿಕತ್ತೇತಿ.” ಪರೀಕ್ಷಕಿ ಗಡಿಯಾರ ನೋಡಿ ಬರೆದುಕೊಂಡರು. ಎರಡು ನಿಮಿಷವೂ ಆಗಿರಲಿಲ್ಲ. ಪಾಸು.

ಅವರ ಕಾಂಟ್ರಾಕ್ಟು ಒಂದು ವರ್ಷಕ್ಕೆ ಮುಂದುವರಿದ ಇಮೇಲ್ ಬಂದದ್ದು ಮುಂದಿನ ಗುರುವಾರ. ಅದನ್ನು ತೆರೆದು, ಕೊನೆಯ ಸಾಲಿನವರೆಗೆ ಓದಿದೆ. ಒಳಗೆ ಏನಾದರೂ ಕದಲುತ್ತದೆಯೇ ಎಂದು ಕಾದೆ. ಪಾದಕ್ಕೆ ರಕ್ತ ಬರುವ ಮೊದಲು ಸೂಜಿ ಚುಚ್ಚಿದಂತಾಗುತ್ತದಲ್ಲ, ಅಷ್ಟು.

ಆ ಶನಿವಾರ ತಪ್ಪಿದ್ದೂ ಒಂದಿತ್ತು, ಪಾಸು ಕೆಡುವಷ್ಟಲ್ಲ. ಬಾಗಿಲು ಮುಚ್ಚಿ ನಿಮಿಷವಾಗಿರಲಿಲ್ಲ, ಗೋಡೆಯ ಫೋನು ಹೊಡೆದುಕೊಂಡಿತು. ಡೈರೆಕ್ಟರ್. ಬಾಸ್ಕಿಂಗ್ ರಿಡ್ಜ್‌ನ ಮೈದಾನದಲ್ಲಿ ಮಗಳ ಸಾಕರ್ ಆಟ ನೋಡುತ್ತಿದ್ದರಂತೆ, ಹಿಂದೆ ಸೀಟಿ ಕೇಳುತ್ತಿತ್ತು. “ನಿಮ್ಮ ಯಂತ್ರ ನನಗ್ಯಾಕೆ ಫೋನ್ ಮಾಡಿತು? ನಾನು ಒಂದು ಒತ್ತಿದೀನಿ. ಮೊದಲನೇ ವ್ಯಕ್ತಿ ಒಪ್ಪಿಕೊಳ್ಳಲಿಲ್ಲ ಅಂತು. ಎಲ್ಲಿ ಆತ?”

ಮೊದಲನೇ ವ್ಯಕ್ತಿ ನನ್ನ ಪಕ್ಕದಲ್ಲೇ ಇದ್ದರು. ಪರೀಕ್ಷಕಿ ಪೆನ್ನು ಎತ್ತಿ ಅವರನ್ನು ನೋಡಿದರು. “ಒಂದು ಒತ್ತಲಿಲ್ಲವೇ? ಫೋನಿನಲ್ಲಿ ಏನೋ ಹೇಳಿದಿರಲ್ಲ, ಏನು ಹೇಳಿದಿರಿ?”

ಧಾರವಾಡದವರು ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ, ಈ ಸಲ ಸರಿಯಾಗಿ. ಕಿವಿ ಕೆಂಪಾಗಿತ್ತು.

“ಆತ್ರಿ ಅಂದೆರಿ,” ಎಂದರು.

ಸೋಮವಾರ ಚುರಮರಿ ತಂದರು.